ಕರೆ ಮಾಡಿದ ಮೇಲೆ ನಮ್ಮ ಹೊಣೆ ಮುಗಿಯಿತೇ?

ಕನ್ನಡದಲ್ಲಿ ‘ಓಗೊಡು’ ಎಂಬ ಒಳ್ಳೆಯ ಮಾತಿದೆ. ಯಾರಾದರೂ ಕೂಗಿ ಕರೆದಾಗ ‘ಓ’ ಎನ್ನುವುದು, ಅಷ್ಟೇ ಅದರ ಅರ್ಥ. ‘ಓ’ ಎಂದವನು ಇನ್ನೂ ಏನನ್ನೂ ಮಾಡಿರುವುದಿಲ್ಲ. ಆದರೆ ನಿನ್ನ ದನಿ ನನಗೆ ಕೇಳಿಸಿತು, ಇನ್ನು ಕೇಳಿಸಲಿಲ್ಲವೆಂದು ನಾನು ಹೇಳುವಂತಿಲ್ಲ ಎಂದು ಅವನು ಒಪ್ಪಿಕೊಂಡಂತಾಯಿತು. ಉರ್ದುವಿನಲ್ಲಿ ‘ಫರಿಯಾದ್’ ಎಂದರೆ ಸಂಕಟದಲ್ಲಿರುವವನ ಮೊರೆ. ಅದೇ ಪದ ಕೋರ್ಟು ಕಚೇರಿಗಳ ದಾರಿಯಲ್ಲಿ ಕನ್ನಡಕ್ಕೆ ಬಂದು ‘ಫಿರ್ಯಾದು’ ಆಯಿತು. ಮೊರೆ ಹೋಗಿ ದೂರಿನ ಅರ್ಜಿ ಉಳಿಯಿತು.

ಕರೆಗೆಲ್ಲ ಓಗೊಡಬೇಕೆಂದು ನಮ್ಮ ಹಿರಿಯರು ಹೇಳುತ್ತಿರಲಿಲ್ಲ ಎಂಬುದನ್ನೂ ನೆನಪಿಸಿಕೊಳ್ಳಬೇಕು. ರಾತ್ರಿ ಹೊತ್ತು ಹೊರಗಿನಿಂದ ಕರೆದರೆ ಮೊದಲ ಸಲಕ್ಕೆ ಉತ್ತರಿಸಬಾರದು, ಮತ್ತೆ ಮತ್ತೆ ಕರೆದರೆ ಮಾತ್ರ ಮನುಷ್ಯ, ಇಲ್ಲವಾದರೆ ಪೀಡೆ ಎಂಬ ನಂಬಿಕೆ ಹಳ್ಳಿಗಳಲ್ಲಿತ್ತು. 1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ಬಾಗಿಲ ಮೇಲೆ, ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ನಮ್ಮ ತಲೆಮಾರಿನವರು ಕಂಡಿದ್ದೇವೆ. ಅದು ದೆವ್ವಕ್ಕೆ ಬರೆದದ್ದು, ನಿಜ. ಆದರೆ ಕತ್ತಲಲ್ಲಿ ಬಂದ ಕರೆಗೆ ಮನುಷ್ಯನಿಗೆ ಮೊದಲು ತೋಚುವ ಉತ್ತರವೂ ಅದೇ ಅಲ್ಲವೇ? ಈಗ ಬೇಡ, ನಾಳೆ ಬಾ.

ಹೀಗಿರುವಾಗ ‘ನಾಳೆ ಬಾ’ ಎಂದು ಎಂದೂ ಹೇಳಬಾರದ ಒಂದು ಜಾಗವನ್ನು ಸಮಾಜ ಕಟ್ಟಿಕೊಂಡಿರುವುದು ಸಣ್ಣ ಸಂಗತಿಯಲ್ಲ. ನಾವು ಹೇಳುತ್ತಿರುವುದು ತುರ್ತು ಕರೆ ಕೇಂದ್ರಗಳ ವಿಷಯ. 108 ಅಥವಾ 112 ಒತ್ತಿದರೆ ಯಾವ ಹೊತ್ತಿನಲ್ಲಿಯೂ ಒಂದು ದನಿ ‘ಓ’ ಎನ್ನಬೇಕು. ಇದು ಹೇಗೆ ನಡೆಯುತ್ತದೆ ಎಂದು ತಿಳಿಯುವುದು ಎಷ್ಟು ಮುಖ್ಯವೋ, ಹೀಗೊಂದು ಜಾಗವಿದೆ ಎಂದ ಮಾತ್ರಕ್ಕೆ ನಾವು ಓಗೊಡುವ ಹೊಣೆಯಿಂದ ಬಿಡುಗಡೆ ಹೊಂದಿದೆವೇ ಎಂದು ಕೇಳಿಕೊಳ್ಳುವುದೂ ಅಷ್ಟೇ ಮುಖ್ಯ.

ಈ ವ್ಯವಸ್ಥೆ ಹುಟ್ಟಿದ್ದೇ ಉತ್ತರ ಸಿಗದ ಒಂದು ಕರೆಯಿಂದ. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ನೆರೆಯವರೊಬ್ಬರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಹೋದಾಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಉಳಿದ ಕರೆಗಳೊಂದಿಗೆ ಸರದಿಯಲ್ಲಿ ಕಾಯಬೇಕಾಯಿತು. ಅವರು ಸಿಟ್ಟಿನಿಂದ ಪತ್ರಿಕೆಗೆ ಪತ್ರ ಬರೆದರು, ವಿಚಾರಣೆ ನಡೆಯಿತು. 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಸಂಖ್ಯೆ ಆರಂಭವಾಯಿತು. ಅಮೆರಿಕದಲ್ಲಿ 911ರ ಮೊದಲ ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಿಂದ. ಅಲ್ಲಿ ಸಾಮಾನ್ಯವಾಗಿ ಕೌಂಟಿಗೊಂದು, ಅಂದರೆ ನಮ್ಮ ಜಿಲ್ಲೆಗೋ ತಾಲೂಕಿಗೋ ಸಮನಾದ ಘಟಕಕ್ಕೊಂದು, ಕರೆ ಕೇಂದ್ರವಿರುತ್ತದೆ. ಪೊಲೀಸು, ಬೆಂಕಿ, ಆಂಬುಲೆನ್ಸು ಎಲ್ಲಕ್ಕೂ ಒಂದೇ ಕೋಣೆ. ಫೋನ್ ಎತ್ತುವವರು ಹೆಚ್ಚಾಗಿ ಅದೇ ಸೀಮೆಯವರು. ಯಾವ ಹಳ್ಳ ಮಳೆಗೆ ತುಂಬುತ್ತದೆ, ಯಾವ ರಸ್ತೆ ಎಲ್ಲಿ ಮುಗಿಯುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ನಮ್ಮಲ್ಲಿ ದಾರಿ ಬೇರೆಯಾಯಿತು. 2005ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ 108 ಸೇವೆ ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಬಂದದ್ದು 2008ರ ನವೆಂಬರ್ 1ರಂದು. ದೇಶಕ್ಕೆಲ್ಲ ಒಂದೇ ಸಂಖ್ಯೆ ಎಂದು 112 ಹಿಮಾಚಲ ಪ್ರದೇಶದಲ್ಲಿ 2018ರ ನವೆಂಬರಿನಲ್ಲಿ ಶುರುವಾಗಿ 2019ರಲ್ಲಿ ಕರ್ನಾಟಕಕ್ಕೂ ಬಂತು. ಇವು ಜಿಲ್ಲೆಯೊಳಗೆ ಹುಟ್ಟಿದವಲ್ಲ, ಇಡೀ ರಾಜ್ಯದ ಕರೆಗಳನ್ನು ದೂರದ ನಗರದ ಒಂದು ಸೂರಿನಡಿ ಕೇಳಿಸಿಕೊಳ್ಳಲೆಂದು ರೂಪುಗೊಂಡವು. ಇದರಿಂದ ಖರ್ಚು ಉಳಿಯಿತು, ಶಿಸ್ತು ಬಂತು. ಆದರೆ ಕೇಳಿಸಿಕೊಳ್ಳುವ ಕಿವಿಗೂ ಕೂಗುವ ಬಾಯಿಗೂ ನಡುವೆ ದೂರ ಬೆಳೆಯಿತು.

ಆ ದೂರ ಎಷ್ಟೆಂದು ತಿಳಿಯಲು ಹನೂರು ತಾಲೂಕಿನ ಶಾಗ್ಯದಂಥ ಊರನ್ನು ಎದುರಿಗಿಟ್ಟುಕೊಳ್ಳೋಣ. ರಾತ್ರಿ ಹೊಲ ಕಾಯಲು ಹೋದವನೊಬ್ಬನಿಗೆ ಹಾವು ಕಚ್ಚಿತು ಎಂದಿಟ್ಟುಕೊಳ್ಳಿ. ಆನೆ, ಹಂದಿಗಳ ಕಾಟವಿರುವ ಈ ಸೀಮೆಯಲ್ಲಿ ರಾತ್ರಿ ಹೊಲ ಕಾಯುವುದು ಹೊಸದಲ್ಲ, ಹಾವು ಕಚ್ಚುವುದೂ ಹೊಸದಲ್ಲ. ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದ್ದು 2024ರಲ್ಲಿ. ಜೊತೆಗಿದ್ದವನು ಫೋನ್ ಮಾಡುತ್ತಾನೆ. ಮೊದಲು ಒಬ್ಬರು ಕರೆ ಸ್ವೀಕರಿಸಿ ವಿವರ ಬರೆದುಕೊಳ್ಳುತ್ತಾರೆ. ಆ ವಿವರ ವಾಹನ ಕಳುಹಿಸುವವರ ಪರದೆಗೆ ಹೋಗುತ್ತದೆ. ಯಾವ ಆಂಬುಲೆನ್ಸ್ ಹತ್ತಿರವಿದೆ, ಖಾಲಿಯಿದೆ ಎಂದು ಅವರು ನೋಡುತ್ತಾರೆ. ವಾಹನದೊಳಗಿನ ತಂತ್ರಜ್ಞರಿಗೆ ಬೇಕಾದರೆ ಕೇಂದ್ರದಲ್ಲಿರುವ ವೈದ್ಯರು ಫೋನಿನಲ್ಲೇ ಸಲಹೆ ಕೊಡುತ್ತಾರೆ. ಹೇಳಲು ಇಷ್ಟೇ. ಆದರೆ ಎಲ್ಲವೂ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಎಲ್ಲಿದ್ದೀರಿ?

ಅಮೆರಿಕದ ಅನೇಕ ಕೇಂದ್ರಗಳಲ್ಲಿ ಈಗ ‘ಏನಾಯಿತು’ ಎಂದು ಕೇಳುವ ಮೊದಲೇ ‘ಎಲ್ಲಿ’ ಎಂದು ಕೇಳುತ್ತಾರೆ. ಮಾತು ಅರ್ಧಕ್ಕೆ ಕಡಿದರೂ ವಾಹನ ಕಳುಹಿಸಬಹುದಲ್ಲ ಎಂಬ ಲೆಕ್ಕ. ಇದು ಬರೀ ಅನುಕೂಲದ ಮಾತು ಎಂದು ನಮಗೆ ಅನ್ನಿಸುವುದಿಲ್ಲ. ನಮ್ಮ ಸಮಾಜದಲ್ಲಿ ಅಪರಿಚಿತನನ್ನು ಕಂಡೊಡನೆ ಬರುವ ಪ್ರಶ್ನೆ ‘ಯಾರು?’ ಎಂಬುದು. ಯಾರ ಮಗ, ಯಾವ ಬೀದಿ, ಯಾವ ಜನ? ಆ ಉತ್ತರದ ಮೇಲೆ ನಮ್ಮ ದನಿ ಏರುತ್ತದೆ, ಇಳಿಯುತ್ತದೆ. ಹೆಸರು ಕೇಳಿದ ಮೇಲೆ ಮನೆ ಬಾಡಿಗೆಗೆ ಇಲ್ಲ ಎನ್ನಿಸಿಕೊಂಡವರಿಗೆ, ಲೋಟ ಬೇರೆ ಇಟ್ಟದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುರ್ತು ಕೇಂದ್ರಕ್ಕೂ ಹೆಸರು ಬೇಕು, ಆದರೆ ವಾಹನ ಹೊರಡುವುದು ಹೆಸರಿನ ಮೇಲಲ್ಲ. ‘ಎಲ್ಲಿ’ಯ ಮೇಲೆ. ಇಷ್ಟು ಸಮಾನತೆಯ ಪ್ರಶ್ನೆಯನ್ನು ದಿನವಿಡೀ ಕೇಳುವ ಬೇರೆ ಕಚೇರಿ ನಮ್ಮಲ್ಲಿ ಎಷ್ಟಿವೆ?

ಆದರೆ ಶಾಗ್ಯದಂಥ ಊರಿನಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ಹನೂರು ಪ್ರತ್ಯೇಕ ತಾಲೂಕಾಗಿ ಕೆಲವೇ ವರ್ಷಗಳಾದವು. ಹಳೆಯ ಕಾಗದಗಳಲ್ಲಿ, ಹಿರಿಯರ ಬಾಯಲ್ಲಿ ಇನ್ನೂ ಕೊಳ್ಳೇಗಾಲ ತಾಲೂಕೇ. ಬೀದಿಗೆ ಹೆಸರಿರುವುದಿಲ್ಲ, ಮನೆಗೆ ಸಂಖ್ಯೆ ಇದ್ದರೂ ಅದು ತೆರಿಗೆಯವರಿಗೆ ಮಾತ್ರ ಗೊತ್ತು. ‘ಹುಣಸೆಮರದ ತಿರುವು ದಾಟಿ, ಬೋರ್‌ವೆಲ್ ಪಕ್ಕದ ಹೊಲ’ ಎಂಬುದೇ ವಿಳಾಸ. ಈ ಹೆಸರನ್ನು ಮೊದಲ ಸಲ ಕೇಳುತ್ತಿರುವ ದೂರದ ಯುವಕನೋ ಯುವತಿಯೋ ಅದನ್ನು ನಕ್ಷೆಯಲ್ಲಿ ಹುಡುಕಬೇಕು. ಪಕ್ಕದ ರಾಮಾಪುರದ ಮಾತಾದರೆ ಇನ್ನೂ ಕಷ್ಟ, ಆ ಹೆಸರಿನ ಊರು ರಾಜ್ಯದಲ್ಲಿ ಹಲವು. ಮೊಬೈಲು ಎಲ್ಲಿದೆ ಎಂದು ಗುರುತಿಸುವ ತಂತ್ರಜ್ಞಾನ ಬಂದಿದೆ. ಆದರೆ ಟವರು ಸರಿಯಾಗಿ ಸಿಗದ ಕಾಡಂಚಿನಲ್ಲಿ ಅದು ಸೀಮೆಯನ್ನು ತೋರಿಸಬಹುದು, ಹೊಲವನ್ನಲ್ಲ.

ಆದ್ದರಿಂದ ಕೇಂದ್ರದ ಅರ್ಧ ಕೆಲಸ ಊರಿನಲ್ಲೇ ನಡೆಯಬೇಕು. ಮುಖ್ಯರಸ್ತೆಗೆ ಟಾರ್ಚು ಹಿಡಿದು ಒಬ್ಬ ಓಡಿ ನಿಲ್ಲಬೇಕು. ಚಾಲಕನ ಫೋನು ಬಂದಾಗ ಎತ್ತಿ ದಾರಿ ಹೇಳಲು ಒಬ್ಬ ಬೇಕು. ಕಚ್ಚಿಸಿಕೊಂಡವನನ್ನು ಓಡಾಡಿಸದೆ, ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಅಲುಗಾಡದಂತೆ ಮಲಗಿಸಿ ಧೈರ್ಯ ಹೇಳಲು ಇನ್ನೊಬ್ಬ ಬೇಕು. ಮಂತ್ರ ಹಾಕಿಸೋಣ ಎನ್ನುವವರನ್ನು ಒಳ್ಳೆಯ ಮಾತಿನಲ್ಲೇ ತಡೆಯಲು ಮತ್ತೊಬ್ಬ ಬೇಕು. ಯಂತ್ರದ ಕೊನೆಯ ಹಲ್ಲು ಮನುಷ್ಯನೇ.

ಈಗ ಕೇಂದ್ರದ ಒಳಗಿನ ಕಷ್ಟವನ್ನು ನೋಡೋಣ. ವಾಹನ ಒಂದು, ಕರೆ ಎರಡು. ಮೊದಲು ಫೋನ್ ಮಾಡಿದವನ ಎದೆನೋವೇ, ಎರಡು ನಿಮಿಷ ತಡವಾಗಿ ಫೋನ್ ಮಾಡಿದವಳ ಹೆರಿಗೆಯೇ? ರೇಷನ್ ಅಂಗಡಿಯಲ್ಲಿ ಮೊದಲು ಬಂದವರಿಗೆ ಮೊದಲು ಎಂಬುದು ನ್ಯಾಯ. ಇಲ್ಲಿ ಆ ನ್ಯಾಯ ಅನ್ಯಾಯವಾಗಿಬಿಡಬಹುದು. ಹೆಚ್ಚು ಅಪಾಯದಲ್ಲಿರುವವರಿಗೆ ಮೊದಲು ಎಂದರೆ, ಮೊದಲು ಕರೆದವನಿಗೆ ‘ಸ್ವಲ್ಪ ತಡೆಯಿರಿ’ ಎನ್ನಬೇಕಾಗುತ್ತದೆ. ಅವನಿಗೆ ಇನ್ನೊಂದು ಮನೆ ಕಾಣಿಸುವುದಿಲ್ಲ. ತನ್ನ ಮನೆಯ ನೋವು ಮಾತ್ರ ಕಾಣಿಸುತ್ತದೆ. ಅವನು ಬೈಯುತ್ತಾನೆ. ಬೈಸಿಕೊಳ್ಳುವವರು ಕಾರಣ ಹೇಳುವಂತಿಲ್ಲ, ಹೇಳುತ್ತ ಕೂರಲು ಸಮಯವೂ ಇಲ್ಲ. ಒಬ್ಬರನ್ನೊಬ್ಬರು ಎಂದೂ ನೋಡದ ಇಬ್ಬರ ನಡುವೆ ನ್ಯಾಯ ತೀರ್ಮಾನಿಸುವ ಕೆಲಸ ಅದು.

ಆ ತೀರ್ಮಾನಕ್ಕೆ ಅವರು ಬಳಸುವುದು ಮೊದಲೇ ಸಿದ್ಧಪಡಿಸಿದ ಪ್ರಶ್ನೆಗಳನ್ನು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ವೈದ್ಯ ಜೆಫ್ ಕ್ಲಾಸನ್ 1970ರ ದಶಕದ ಕೊನೆಯಲ್ಲಿ ಇಂಥ ಪ್ರಶ್ನೆಗಳನ್ನು ಕಾರ್ಡುಗಳಲ್ಲಿ ಬರೆದು ಕ್ರಮಕ್ಕೆ ತಂದರು. ಎಚ್ಚರವಿದೆಯೇ, ಉಸಿರಾಡುತ್ತಿದ್ದಾರೆಯೇ, ರಕ್ತ ಹೋಗುತ್ತಿದೆಯೇ? ಅಳುತ್ತ ಫೋನ್ ಮಾಡಿದವರಿಗೆ ಈ ಒಣ ಪ್ರಶ್ನೆಗಳು ಕಟುವಾಗಿ ಕೇಳಿಸುತ್ತವೆ. ‘ಮೊದಲು ಗಾಡಿ ಕಳುಹಿಸಿ, ಪ್ರಶ್ನೆ ಆಮೇಲೆ’ ಎನ್ನುತ್ತೇವೆ. ಆದರೆ ಯೋಚಿಸಿ ನೋಡಿ. ಪ್ರಶ್ನೆಗಳೇ ಇಲ್ಲದಿದ್ದರೆ ವಾಹನ ಹೋಗುವುದು ಯಾರ ಮನೆಗೆ? ಜೋರಾಗಿ ಮಾತಾಡಬಲ್ಲವರ ಮನೆಗೆ. ಗೊತ್ತಿರುವವರ ಹೆಸರು ಹೇಳಬಲ್ಲವರ ಮನೆಗೆ. ಕಾಡಂಚಿನ ಹಾಡಿಯ ಸೋಲಿಗ ಹೆಂಗಸು ನಾಲ್ಕು ಮಾತಿಗೆ ನಿಲ್ಲಿಸಿಬಿಡುತ್ತಾಳೆ. ಗಡಿಯ ಹಳ್ಳಿಯ ಮುದುಕ ತಮಿಳು ಬೆರೆಸಿ ಏನೋ ಹೇಳುತ್ತಾನೆ. ಮೊರೆಯಿಡಲು ಬಾರದವರ ಪರವಾಗಿ ಆ ಒಣ ಪ್ರಶ್ನೆಯೇ ಮೊರೆಯಿಡುತ್ತದೆ. ಕೆಲವೊಮ್ಮೆ ನಿಯಮ ಕರುಣೆಗಿಂತ ಹೆಚ್ಚು ಕರುಣೆಯುಳ್ಳದ್ದಾಗಿರುತ್ತದೆ.

ಆದರೂ ನಿಯಮಕ್ಕೆ ಮಿತಿಯುಂಟು. 2018ರ ಡಿಸೆಂಬರ್ 14ರಂದು ಇದೇ ಸೀಮೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದ ತಿಂದ ಭಕ್ತರು ಒಬ್ಬೊಬ್ಬರಾಗಿ ಕುಸಿದರು. ಅದರಲ್ಲಿ ಕೀಟನಾಶಕ ಬೆರೆಸಲಾಗಿತ್ತು. 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಅಂಥ ಮಧ್ಯಾಹ್ನ ಯಾವ ಕೇಂದ್ರದ ಯಾವ ಪರದೆಯೂ ಸಾಲುವುದಿಲ್ಲ. ಆಂಬುಲೆನ್ಸುಗಳ ಜೊತೆಗೆ ಸಿಕ್ಕಿದ ವಾಹನಗಳಲ್ಲೆಲ್ಲ ಜನರನ್ನು ಹೇರಿಕೊಂಡು ರಾಮಾಪುರಕ್ಕೆ, ಕಾಮಗೆರೆಗೆ, ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿಗೆ ಸಾಗಿಸಿದರು. ಎತ್ತಿ ಕೂರಿಸಿದವರು ಯಾರು, ಗಾಡಿ ಓಡಿಸಿದವರು ಯಾರು ಎಂಬ ಪಟ್ಟಿ ಎಲ್ಲಿಯೂ ಇಲ್ಲ. ಅವರಲ್ಲಿ ಯಾರೂ ‘108ಕ್ಕೆ ಹೇಳಿದ್ದೇವೆ, ಇನ್ನು ಅವರುಂಟು’ ಎಂದು ಕೈಕಟ್ಟಿ ಕೂತಿದ್ದರೆ ಸತ್ತವರ ಸಂಖ್ಯೆ 17ಕ್ಕೆ ನಿಲ್ಲುತ್ತಿತ್ತೇ?

ಇಲ್ಲಿಂದಲೇ ನಮ್ಮ ಮುಖ್ಯ ಪ್ರಶ್ನೆ ಏಳುತ್ತದೆ. ಸಂಖ್ಯೆಯೊಂದು ಇದೆ ಎಂಬ ಧೈರ್ಯ ನಮ್ಮನ್ನು ಒಳ್ಳೆಯವರನ್ನಾಗಿ ಮಾಡುತ್ತದೆಯೇ, ಸೋಮಾರಿಗಳನ್ನಾಗಿ ಮಾಡುತ್ತದೆಯೇ? 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬೇರೆ ಕೋಣೆಯಲ್ಲಿ ಒಬ್ಬನಿಗೆ ಫಿಟ್ಸ್ ಬಂದಂಥ ದನಿಯನ್ನು ವಿದ್ಯಾರ್ಥಿಗಳಿಗೆ ಕೇಳಿಸಲಾಯಿತು. ಇದನ್ನು ಕೇಳುತ್ತಿರುವುದು ತಾವೊಬ್ಬರೇ ಎಂದು ನಂಬಿದವರಲ್ಲಿ ಶೇಕಡಾ 85 ಮಂದಿ ಆ ದನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ನಂಬಿದವರಲ್ಲಿ ಎದ್ದವರು ಶೇಕಡಾ 31 ಮಾತ್ರ. ಅವರು ಕೆಟ್ಟವರಾಗಿರಲಿಲ್ಲ. ಬೇರೆ ಯಾರೋ ಎದ್ದಿರುತ್ತಾರೆ ಎಂದುಕೊಂಡರು, ಅಷ್ಟೇ. 2017ರಲ್ಲಿ ಕೊಪ್ಪಳದಲ್ಲಿ ಬಸ್ಸಿನಡಿ ಸಿಕ್ಕ ಸೈಕಲ್ ಸವಾರ ಯುವಕನೊಬ್ಬ ರಸ್ತೆಯಲ್ಲಿ ಬಿದ್ದು ಸಹಾಯ ಬೇಡುತ್ತಿದ್ದಾಗ ಸುತ್ತ ನಿಂತವರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಅವನು ಉಳಿಯಲಿಲ್ಲ. ಆ ಗುಂಪಿನಲ್ಲಿದ್ದ ಪ್ರತಿಯೊಬ್ಬನೂ ಒಂಟಿಯಾಗಿ ಅವನನ್ನು ಕಂಡಿದ್ದರೆ ಬಹುಶಃ ಎತ್ತಿಕೊಳ್ಳುತ್ತಿದ್ದ.

ಇಷ್ಟಕ್ಕೇ ಮನುಷ್ಯನ ಮೇಲೆ ನಂಬಿಕೆ ಕಳೆದುಕೊಳ್ಳಬೇಕಾಗಿಲ್ಲ. ಬ್ರಿಟನ್, ನೆದರ್ಲ್ಯಾಂಡ್ಸ್, ದಕ್ಷಿಣ ಆಫ್ರಿಕಗಳ ಮೂರು ನಗರಗಳ ರಸ್ತೆ ಜಗಳಗಳ ಕ್ಯಾಮೆರಾ ದೃಶ್ಯಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಕನಿಷ್ಠ ಒಬ್ಬರಾದರೂ ಬಿಡಿಸಲು ಮುಂದಾಗಿದ್ದರು. ಜನ ಮುಂದೆ ಬರುತ್ತಾರೆ. ಭಯವೊಂದು ತಡೆಯುತ್ತದೆ. ನಮ್ಮಲ್ಲಿ ಆ ಭಯ ಪೊಲೀಸು, ಸಾಕ್ಷಿ, ಕೋರ್ಟು. ಸ್ಕೂಟರ್ ಸವಾರನೊಬ್ಬನನ್ನು ಒಂದು ಆಸ್ಪತ್ರೆ ಮೆಡಿಕೋ ಲೀಗಲ್ ಕೇಸೆಂದು ಬೇರೆಡೆಗೆ ಕಳುಹಿಸಿ ಅವನು ದಾರಿಯಲ್ಲೇ ಸತ್ತ ಸುದ್ದಿಯಿಂದ ಹುಟ್ಟಿದ ಪರಮಾನಂದ ಕಟಾರ ಪ್ರಕರಣದಲ್ಲಿ, ಸರಕಾರಿಯಾಗಲಿ ಖಾಸಗಿಯಾಗಲಿ ಪ್ರತಿ ವೈದ್ಯನೂ ಕಾನೂನಿನ ಕಾಗದಪತ್ರಕ್ಕೆ ಕಾಯದೆ ಮೊದಲು ಜೀವ ಉಳಿಸಬೇಕೆಂದು ಸುಪ್ರೀಂ ಕೋರ್ಟು 1989ರಲ್ಲಿ ಹೇಳಿತು. ಗಾಯಾಳುವಿಗೆ ನೆರವಾದವರನ್ನು ಕಾಡಬಾರದು, ಹೆಸರು ಹೇಳಲು ಒತ್ತಾಯಿಸಬಾರದು ಎಂಬ ಮಾರ್ಗಸೂಚಿಗೆ ಅದೇ ನ್ಯಾಯಾಲಯ 2016ರ ಮಾರ್ಚ್ 30ರಂದು ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಈ ರಕ್ಷಣೆ ಮೋಟಾರು ವಾಹನ ಕಾಯಿದೆಯಲ್ಲೂ ಸೇರಿತು. ಕಾನೂನು ಬಾಗಿಲು ತೆರೆದಿದೆ. ಇದನ್ನು ತಿಳಿದವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ?

ಧರ್ಮಶಾಸ್ತ್ರದ ಒಂದು ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ಇಸ್ಲಾಮಿನಲ್ಲಿ ಕರ್ತವ್ಯಗಳನ್ನು ಎರಡು ಬಗೆಯಾಗಿ ನೋಡುತ್ತಾರೆ. ಪ್ರತಿಯೊಬ್ಬನೂ ತಾನೇ ಮಾಡಬೇಕಾದದ್ದು ಒಂದು. ಊರಿನಲ್ಲಿ ಕೆಲವರು ಮಾಡಿದರೆ ಉಳಿದವರ ಹೊಣೆ ಇಳಿಯುವಂಥದ್ದು ಇನ್ನೊಂದು, ಇದೇ ‘ಫರ್ಝ್ ಕಿಫಾಯ’. ಸತ್ತವರ ಅಂತ್ಯಸಂಸ್ಕಾರ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಸುಮ್ಮನೆ ಕೇಳಿದರೆ ಇದು ಜಾರಿಕೊಳ್ಳಲು ಒಳ್ಳೆಯ ದಾರಿಯಂತೆ ಕಾಣುತ್ತದೆ. ಆದರೆ ಅದರ ಇನ್ನೊಂದು ಮುಖ ಕಠಿಣವಾದದ್ದು. ಯಾರೂ ಮಾಡದಿದ್ದರೆ ಇಡೀ ಊರೇ ತಪ್ಪಿತಸ್ಥ. ಆದ್ದರಿಂದ ‘ಯಾರೋ ಮಾಡಿರುತ್ತಾರೆ’ ಎಂದುಕೊಳ್ಳುವುದಕ್ಕೆ ಅಲ್ಲಿ ಜಾಗವಿಲ್ಲ. ಯಾರೋ ಮಾಡಿದ್ದಾರೆ ಎಂದು ಕಣ್ಣಾರೆ ಕಂಡು ಖಚಿತಪಡಿಸಿಕೊಂಡ ಮೇಲೆಯೇ ಮನೆಗೆ ಹೋಗಬಹುದು. ತುರ್ತು ಕೇಂದ್ರವೂ ಇಂಥದ್ದೇ ಒಂದು ಏರ್ಪಾಡು. ನಮ್ಮೆಲ್ಲರ ಪರವಾಗಿ ಕೆಲವರು ಎಚ್ಚರವಾಗಿದ್ದಾರೆ. ಅವರು ನಮ್ಮ ಹೊಣೆಯನ್ನು ಹಂಚಿಕೊಂಡಿದ್ದಾರೆ, ಅಳಿಸಿಹಾಕಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು, ಅದು ನ್ಯಾಯವಾದದ್ದೇ. ನೆರೆಯವರ ಒಳ್ಳೆಯತನವನ್ನು ಹೊಗಳುತ್ತ ಹೋದರೆ ಸರಕಾರ ತನ್ನ ಪಾಲಿನಿಂದ ನುಣುಚಿಕೊಳ್ಳುವುದಿಲ್ಲವೇ? ಮಲೆ ಮಹದೇಶ್ವರ ಬೆಟ್ಟದ ಕಾಡಿನ ಊರುಗಳಿಗೆ ಸರಿಯಾದ ರಸ್ತೆಯಿಲ್ಲದೆ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತರುವುದು ಅನೇಕ ಸಲ ಸುದ್ದಿಯಾಗಿದೆ. 2022ರಲ್ಲಿ ದೊಡ್ಡಾಣೆಯ ಗರ್ಭಿಣಿಯೊಬ್ಬರನ್ನು ರಾತ್ರಿ ಕಾಡುದಾರಿಯಲ್ಲಿ ಹೊತ್ತು ಸುಳ್ವಾಡಿಗೆ ತಂದವರು ಊರಿನ ಹೆಂಗಸರೇ. ಅವರ ಹೆಗಲನ್ನು ಹೊಗಳಿ ಸುಮ್ಮನಾಗುವುದು ಪಾಪ. ಅವರು ಓಗೊಟ್ಟರು ನಿಜ, ಆದರೆ ಓಗೊಡಬೇಕಾದ ಇನ್ನೊಬ್ಬ ಓಗೊಡಲಿಲ್ಲ ಎಂಬುದಕ್ಕೂ ಆ ಡೋಲಿಯೇ ಸಾಕ್ಷಿ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ಮಂದಿ ಸತ್ತಾಗ, ಅವರೆಲ್ಲ ಆಂಬುಲೆನ್ಸಿಗೆ ಕಾಯುತ್ತಿದ್ದವರಲ್ಲ, ಆಸ್ಪತ್ರೆಯ ಹಾಸಿಗೆಯನ್ನು ತಲುಪಿದ್ದವರು. ಕರೆಗೆ ಉತ್ತರ ಕೊಟ್ಟರೆ ಸಾಲದು, ಉತ್ತರದ ಹಿಂದೆ ಏನಾದರೂ ಇರಬೇಕು. 2022ರ ಸೆಪ್ಟೆಂಬರಿನಲ್ಲಿ 108ರ ಕೇಂದ್ರದ ಯಂತ್ರ ಕೆಟ್ಟು ರಾಜ್ಯದ ಎಲ್ಲೆಡೆ ಕರೆಗಳು ತಡವಾದಾಗ, ಎಲ್ಲವನ್ನೂ ಒಂದೇ ಕಡೆ ಇಡುವುದರ ಅಪಾಯ ಗೊತ್ತಾಯಿತು. ಬಾಕಿ ಸಂಬಳಕ್ಕಾಗಿ 108ರ ಸಿಬ್ಬಂದಿ ಪದೇ ಪದೇ ದನಿ ಎತ್ತಬೇಕಾಗಿ ಬಂದದ್ದೂ ಇದೇ ವರ್ಷಗಳಲ್ಲಿ. ಎಲ್ಲರ ಕರೆಗೆ ಓಗೊಡುವವರ ಕರೆಗೆ ಓಗೊಡುವವರಿಲ್ಲ.

ಹಾಗಾಗಿ ಸರಕಾರದ ಹೊಣೆ, ನೆರೆಯ ಹೊಣೆ ಎಂಬವು ಒಂದರ ಬದಲಿಗೆ ಇನ್ನೊಂದಲ್ಲ. ರಸ್ತೆ, ವಾಹನ, ಔಷಧಿ, ಸಂಬಳ ಇವನ್ನು ಕೇಳುವುದು ನಮ್ಮ ಹಕ್ಕು. ಟಾರ್ಚು ಹಿಡಿದು ತಿರುವಿನಲ್ಲಿ ನಿಲ್ಲುವುದು ನಮ್ಮ ಕರ್ತವ್ಯ. ಆ ಹಕ್ಕನ್ನು ಕೇಳುವ ಬಾಯಿಗೆ ಬಲ ಬರುವುದೂ ಈ ಕರ್ತವ್ಯದಿಂದಲೇ.

ಕಥೆ ಬರೆಯುವವರಾದ ನಮಗೆ ಕರೆ ಕೇಂದ್ರದ ಕೆಲಸಗಾರರ ಒಂದು ಸ್ಥಿತಿ ಬಹಳ ಕಾಡುತ್ತದೆ. ಅವರಿಗೆ ದಿನವೂ ಹತ್ತಾರು ಕಥೆಗಳ ಮೊದಲ ಪುಟ ಮಾತ್ರ ಸಿಗುತ್ತದೆ. ಮಗು ಉಳಿಯಿತೇ, ಆ ಮುದುಕ ಮನೆಗೆ ಮರಳಿದನೇ ಎಂದು ಅವರಿಗೆ ತಿಳಿಯುವುದೇ ಅಪರೂಪ. ಅಷ್ಟರಲ್ಲಿ ಇನ್ನೊಂದು ಕರೆ ಬಂದಿರುತ್ತದೆ. ಅದು ತಮಾಷೆಯ ಕರೆಯೂ ಆಗಿರಬಹುದು, ಮಕ್ಕಳು ಆಟಕ್ಕೆ ಒತ್ತಿದ್ದೂ ಆಗಿರಬಹುದು. ಫಲ ಏನಾಯಿತೆಂದು ತಿಳಿಯದೆ ಸರಿಯಾದದ್ದನ್ನು ಮಾಡುತ್ತ ಹೋಗುವುದನ್ನು ಎಲ್ಲ ಧರ್ಮಗಳೂ ದೊಡ್ಡದೆಂದು ಹೇಳಿವೆ. ಅದನ್ನು ಸಂಬಳಕ್ಕಾಗಿ, ಪಾಳಿಯ ಲೆಕ್ಕದಲ್ಲಿ ಮಾಡುವವರೂ ಇದ್ದಾರೆ ಎಂಬುದನ್ನು ನಾವು ಗಮನಿಸಿಲ್ಲ.

ಅವರಿಗೆ ಕಥೆಯ ಕೊನೆ ಸಿಗುವುದಿಲ್ಲ. ನಮಗೆ ಸಿಗುತ್ತದೆ, ಏಕೆಂದರೆ ಬಿದ್ದವನು ನಮ್ಮ ಬೀದಿಯಲ್ಲಿದ್ದಾನೆ. ಕರೆ ಮಾಡಿದವನಿಗೂ ಕರೆ ಸ್ವೀಕರಿಸಿದವನಿಗೂ ಇರುವ ವ್ಯತ್ಯಾಸ ಇದೇ. ಫೋನ್ ಇಟ್ಟ ಮೇಲೆ ಅವರು ಅಲ್ಲಿ ಉಳಿಯಲಾರರು, ನಾವು ಉಳಿಯಬಲ್ಲೆವು. ಆದ್ದರಿಂದ ಕರೆ ಮಾಡಿದ ಮೇಲೆ ನಮ್ಮ ಹೊಣೆ ಮುಗಿಯಿತೇ ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಸರಳ. ಆಂಬುಲೆನ್ಸಿನ ಬಾಗಿಲು ಮುಚ್ಚುವವರೆಗೆ ಮುಗಿಯಲಿಲ್ಲ. ಜೊತೆಗೆ ಹೋಗುವವರು ಯಾರೂ ಇಲ್ಲದಿದ್ದರೆ, ಆಗಲೂ ಮುಗಿಯಲಿಲ್ಲ. ಓದುಗರು ಇವತ್ತೇ ಒಂದು ಕೆಲಸ ಮಾಡಬಹುದು. ತಮ್ಮ ಮನೆಗೆ ದಾರಿಯನ್ನು, ಈ ಊರನ್ನೇ ಕಾಣದವರಿಗೆ ತಿಳಿಯುವಂತೆ, ಮೂರು ವಾಕ್ಯಗಳಲ್ಲಿ ಹೇಳಲು ಮನೆಯ ಮಕ್ಕಳಿಗೆ ಕಲಿಸಲಿ. ಪಕ್ಕದ ಮನೆಗೆ ದಾರಿಯನ್ನೂ ಕಲಿಸಲಿ.